ಯಾವ ಕೆಲಸ ಕೆಟ್ಟರೆ ನಿನಗೆ ಸಿಟ್ಟು ಬರುತ್ತದೆ?

ಪ್ರತಿಭಾ ಕಾರಂಜಿಯ ಸುತ್ತೋಲೆ ಬಂದ ವಾರ ನಮ್ಮ ಶಾಲೆಯಲ್ಲಿ ಪ್ರತಿವರ್ಷವೂ ಕೇಳಿಬರುವುದು ಅವೇ ಏಳೆಂಟು ಹೆಸರುಗಳು. ಆಶುಭಾಷಣಕ್ಕೆ ಇವಳು, ಭಾವಗೀತೆಗೆ ಅವಳು, ಮಿಮಿಕ್ರಿಗೆ ಆ ಹುಡುಗ, ರಂಗೋಲಿಗೆ ಅವನ ಅಕ್ಕ. ಈ ಕಾರ್ಯಕ್ರಮದ ಮೇಲೆ ನನಗೆ ಗೌರವವಿದೆ. ಕ್ಲಸ್ಟರ್ ಮಟ್ಟದಲ್ಲಿ ಹಾಡಿ, ತಾಲ್ಲೂಕು ದಾಟಿ, ಜಿಲ್ಲಾಮಟ್ಟಕ್ಕೆ ಹೋದ ಹಳ್ಳಿಯ ಮಕ್ಕಳನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಅಲ್ಲಿ ಲೆಕ್ಕಕ್ಕೆ ಬರುವುದು ವೇದಿಕೆ ಹತ್ತಬಲ್ಲ ಪ್ರತಿಭೆ ಮಾತ್ರ. ಉಳಿದ ಮಕ್ಕಳ ಪಾಲಿಗೆ ಬರುವುದು ಕುರ್ಚಿ ಹೊರುವ ಕೆಲಸ, ಆಮೇಲೆ ಚಪ್ಪಾಳೆ. ಎಂಟನೇ ತರಗತಿಯಿಂದ ಹತ್ತನೆಯದರ ತನಕ ಬರೀ ಚಪ್ಪಾಳೆ ತಟ್ಟಿದ ಹುಡುಗ 'ನನ್ನ ಕೈಲಿ ಏನೂ ಆಗುವುದಿಲ್ಲ' ಎಂದು ತೀರ್ಮಾನಿಸಿಕೊಂಡರೆ ಅದರಲ್ಲಿ ಅಚ್ಚರಿಯೇನಿದೆ?

ನಾನು ರಾಣೇಬೆನ್ನೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಆಪ್ತಸಮಾಲೋಚನೆಯನ್ನು ಓದಿ ಕಲಿತವಳಲ್ಲ. ತರಗತಿಯ ಹಿಂದಿನ ಎರಡು ಸಾಲುಗಳ ಮಂಕುತನ ನೋಡಿ ನೋಡಿ ಬೇಸತ್ತು, ಒಂದೊಂದು ಮಗುವಿನ ಪ್ರತಿಭೆ ಏನೆಂದು ಹುಡುಕುವ ಕೆಲಸಕ್ಕೆ ಕೈಹಾಕಿದೆ.

ಶುರುವಿನಲ್ಲಿ ಎಲ್ಲರೂ ಕೇಳುವುದನ್ನೇ ಕೇಳುತ್ತಿದ್ದೆ. ನಿನಗೆ ಏನು ಇಷ್ಟ? ಮುಂದೆ ಏನಾಗಬೇಕು? ಇಂಥ ಪ್ರಶ್ನೆಗೆ ಹದಿನಾಲ್ಕರ ಮಕ್ಕಳು ಕೊಡುವ ಉತ್ತರ ಅವರದ್ದಾಗಿರುವುದಿಲ್ಲ. ಹುಡುಗಿಯರು ಟೀಚರ್ ಎನ್ನುತ್ತಾರೆ, ಏಕೆಂದರೆ ಎದುರಿಗೆ ನಿಂತಿರುವುದು ಟೀಚರ್. ಹುಡುಗರು ಪೊಲೀಸ್ ಅಥವಾ ಮಿಲಿಟರಿ ಎನ್ನುತ್ತಾರೆ. ಒಬ್ಬಿಬ್ಬರು ಐಎಎಸ್ ಎಂದು ಹೇಳಿ, ಪಕ್ಕದವನು ನಕ್ಕಾಗ ತಲೆ ತಗ್ಗಿಸುತ್ತಾರೆ. ಹಿಂದಿನ ಸಾಲು ಬಾಯಿಯನ್ನೇ ಬಿಡುವುದಿಲ್ಲ.

ಪ್ರಶ್ನೆ ಬದಲಿಸಿದ ಮೇಲೆ ಮಾತು ಹೊರಬಂತು. ಮನೆಯಲ್ಲಿ ಯಾವ ಕೆಲಸಕ್ಕೆ ನಿನ್ನನ್ನೇ ಕರೆಯುತ್ತಾರೆ? ಹೇಳಿಸಿಕೊಳ್ಳದೆ ನೀನಾಗಿಯೇ ಮಾಡುವ ಕೆಲಸ ಯಾವುದು? ಇವೆರಡೂ ಪರವಾಗಿಲ್ಲ. ಆದರೆ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ ಪ್ರಶ್ನೆ ಇದು: ಬೇರೆಯವರು ಯಾವ ಕೆಲಸವನ್ನು ಕೆಡಿಸಿದರೆ ನಿನಗೆ ಸಿಟ್ಟು ಬರುತ್ತದೆ? ಇಷ್ಟ ಏನೆಂದು ಕೇಳಿದರೆ ನಾಚುವ ಮಕ್ಕಳು ಸಿಟ್ಟಿನ ವಿಷಯಕ್ಕೆ ನಾಚುವುದಿಲ್ಲ. ಒಂದು ಕೆಲಸ ಹೇಗೆ ಆಗಬೇಕು ಎಂಬ ಅಳತೆ ಒಳಗೆ ಇದ್ದವರಿಗೆ ಮಾತ್ರ ಅದು ಕೆಟ್ಟಾಗ ಕಿರಿಕಿರಿಯಾಗುತ್ತದೆ. ಆ ಅಳತೆಯನ್ನೇ ನಾನು ಪ್ರತಿಭೆ ಎಂದು ಹಿಡಿದು ಹೊರಟೆ.

ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಪ್ರತಿ ಮಗುವಿಗೂ ಒಂದು ಪುಟ ಇಟ್ಟೆ. ಶನಿವಾರ ಬೆಳಗಿನ ಶಾಲೆಯ ಕೊನೆಯ ಅವಧಿಯಲ್ಲಿ ಕೆಲವು ಮಕ್ಕಳೊಡನೆ ಮಾತು, ಆಮೇಲೆ ಎರಡು ಸಾಲು ಬರಹ. 'ಚುರುಕು', 'ಮೃದು ಸ್ವಭಾವ' ಎಂಬಂಥ ಗುಣವಾಚಕಗಳನ್ನು ಬರೆಯುವುದಿಲ್ಲ. ಕಣ್ಣಿಗೆ ಕಂಡ ಕೆಲಸವನ್ನಷ್ಟೇ ಬರೆಯುತ್ತೇನೆ. 'ಬಿಸಿಯೂಟದ ಸಾಲಿನಲ್ಲಿ ಚಿಕ್ಕವರನ್ನು ಮುಂದೆ ಬಿಟ್ಟಳು, ಯಾರೂ ಹೇಳಿರಲಿಲ್ಲ.' 'ಪ್ರಯೋಗಾಲಯದ ಬೀಗ ತೆಗೆಯಲು ಬರದಿದ್ದಾಗ ಕೀಲಿಕೈಗೆ ಪೆನ್ಸಿಲ್ಲಿನ ಕಪ್ಪು ಉಜ್ಜಿ ತೆಗೆದ.' ಈ ಸಾಲುಗಳು ತಕ್ಷಣಕ್ಕೆ ಏನನ್ನೂ ಹೇಳುವುದಿಲ್ಲ. ಐದಾರು ತಿಂಗಳ ನಂತರ ಒಟ್ಟಿಗೆ ಓದಿದರೆ ಒಂದು ಮಗುವಿನ ಜಾಡು ಕಾಣುತ್ತದೆ.

ಒಬ್ಬ ಹುಡುಗಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ರಾಣೇಬೆನ್ನೂರಿನ ಸುತ್ತಮುತ್ತ ಹೈಬ್ರಿಡ್ ತರಕಾರಿ ಬೀಜೋತ್ಪಾದನೆ ದೊಡ್ಡ ಕಸುಬು. ಟೊಮೆಟೊ, ಮೆಣಸಿನಕಾಯಿ, ಬದನೆ ಹೊಲಗಳಲ್ಲಿ ಹಂಗಾಮು ಬಂದರೆ ಮನೆಮಂದಿಯೆಲ್ಲ ಕ್ರಾಸಿಂಗ್ ಕೆಲಸಕ್ಕೆ, ಅಂದರೆ ಕೈಯಿಂದಲೇ ಹೂವಿಗೆ ಪರಾಗ ಮುಟ್ಟಿಸುವ ಕೆಲಸಕ್ಕೆ ಇಳಿಯುತ್ತಾರೆ. ಇವರ ಮನೆಯಲ್ಲೂ ಸ್ವಂತ ಪ್ಲಾಟ್ ಇತ್ತು. ಆ ದಿನಗಳಲ್ಲಿ ಹುಡುಗಿ ಶಾಲೆಗೆ ತಡವಾಗಿ ಬರುತ್ತಿದ್ದಳು, ಬಂದರೂ ತೂಕಡಿಸುತ್ತಿದ್ದಳು. ವಿಜ್ಞಾನದಲ್ಲಿ ಮೂವತ್ತೈದರ ಆಸುಪಾಸಿನ ಅಂಕ. ಸಿಟ್ಟಿನ ಪ್ರಶ್ನೆ ಕೇಳಿದಾಗ ತಟ್ಟನೆ ಹೇಳಿದಳು: "ಹೂವಿನ ಗಂಡು ಕೇಸರ ಪೂರ್ತಿ ತೆಗೆಯದೆ ಬಿಡುತ್ತಾರಲ್ಲ ಮೇಡಂ, ಅವರನ್ನು ಕಂಡರೆ ಆಗುವುದಿಲ್ಲ. ಒಂದು ಎಳೆ ಉಳಿದರೂ ಬೀಜ ಕೆಟ್ಟ ಹಾಗೆಯೇ."

ಮರುದಿನ ಟೊಮೆಟೊ ಮೊಗ್ಗು ತರಲು ಹೇಳಿದೆ. ತಂದಳು, ಜೊತೆಗೆ ಚಿಮಟವನ್ನೂ ತಂದಳು. ನಾಳೆ ಅರಳಬೇಕಾದ ಮೊಗ್ಗನ್ನೇ ಆರಿಸಿಕೊಂಡು, ಎಡಗೈಯ ಎರಡು ಬೆರಳ ನಡುವೆ ಹಿಡಿದು, ಚಿಮಟದ ತುದಿಯಿಂದ ಹಳದಿ ಕೇಸರಗಳ ಕೊಳವೆಯನ್ನು ಒಂದೇ ಎಳೆತಕ್ಕೆ ತೆಗೆದಳು. ಒಳಗಿನ ಶಲಾಕೆಗೆ ಚೂರೂ ಪೆಟ್ಟಾಗಿರಲಿಲ್ಲ. ಆಮೇಲೆ ಪುಷ್ಪಪತ್ರದ ಎರಡು ಎಸಳನ್ನು ಚಿವುಟಿದಳು. ಅದೇಕೆ ಎಂದು ಕೇಳಿದೆ. "ಕಾಯಿ ಹಣ್ಣಾದ ಮೇಲೆ ಕ್ರಾಸ್ ಆದದ್ದು ಯಾವುದು ಅಂತ ಗೊತ್ತಾಗಬೇಕಲ್ಲ ಮೇಡಂ." ನಾನು ವರ್ಷಗಟ್ಟಲೆ ದಾಸವಾಳ ಹಿಡಿದುಕೊಂಡು ಹೂವಿನ ಭಾಗಗಳನ್ನು ಕಲಿಸಿದವಳು. ಅಷ್ಟು ನುರಿತ ಕೈ ನನಗಿಲ್ಲ.

ಹತ್ತನೇ ತರಗತಿಯ ಅನುವಂಶೀಯತೆಯ ಪಾಠಕ್ಕೆ ಬಂದಾಗ ಅವಳನ್ನೇ ಮುಂದೆ ಕರೆದೆ. 1866ರಲ್ಲಿ ಮೆಂಡೆಲ್ ಪ್ರಕಟಿಸಿದ ಬಟಾಣಿ ಗಿಡದ ಪ್ರಯೋಗಗಳಿಗೆ ಬುನಾದಿ ಇದೇ ಕೆಲಸ: ಒಂದು ಹೂವಿನ ಕೇಸರ ತೆಗೆಯುವುದು, ಇನ್ನೊಂದರ ಪರಾಗ ಮುಟ್ಟಿಸುವುದು. "ಹಾಗಾದರೆ ನಾವು ಮಾಡುವುದೂ ಅದನ್ನೇ ಅಲ್ಲವೇ ಮೇಡಂ" ಎಂದಳು. ಆ ತರಗತಿಯಲ್ಲಿ ಹೊಲಕ್ಕೆ ಹೋಗುವ ಮಕ್ಕಳೇ ಹೆಚ್ಚು. ಎಲ್ಲರೂ ನೆಟ್ಟಗೆ ಕುಳಿತರು.

ಮಕ್ಕಳು ಕೂಲಿಗೆ ಹೋಗುವುದನ್ನು ನಾನು ಕೊಂಡಾಡುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು. ಹದಿನಾಲ್ಕರೊಳಗಿನವರನ್ನು ಕೂಲಿಗೆ ಕರೆಯುವುದು ಕಾನೂನಿಗೆ ವಿರುದ್ಧ, ಶಾಲೆ ತಪ್ಪಿಸಿ ಹೊಲಕ್ಕೆ ಕಳಿಸಿದ ಪಾಲಕರೊಡನೆ ನಾನು ಜಗಳವನ್ನೇ ಆಡಿದ್ದೇನೆ. ಆದರೆ ಮಗು ಈಗಾಗಲೇ ಕಲಿತುಬಿಟ್ಟಿರುವ ವಿದ್ಯೆಯನ್ನು ಶಾಲೆ ಕಾಣದಂತೆ ನಟಿಸುವುದೂ ಒಂದು ಬಗೆಯ ಅನ್ಯಾಯವೇ.

ಪ್ರತಿಭೆ ಗುರುತಿಸಿದ ಮಾತ್ರಕ್ಕೆ ಹದಿಹರೆಯದವರ ಮನಸ್ಸು ಹಗುರಾಗುವುದಿಲ್ಲ. 'ನೀನು ಇದರಲ್ಲಿ ಜಾಣೆ' ಎಂದರೆ ಎರಡು ದಿನ ಹಿಗ್ಗು, ಮೂರನೆಯ ದಿನ ಮತ್ತೆ ಅದೇ ಮಂಕು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ವಿಲಿಯಂ ಡೇಮನ್ ಬದುಕಿನ ಉದ್ದೇಶ ಎಂಬುದನ್ನು ವಿವರಿಸುವಾಗ ಎರಡು ಮಾತು ಸೇರಿಸುತ್ತಾರೆ: ಅದು ತನಗೆ ಅರ್ಥಪೂರ್ಣವೆನಿಸಬೇಕು, ತನ್ನಾಚೆಗಿನ ಲೋಕಕ್ಕೂ ಅದರಿಂದ ಏನಾದರೂ ಆಗಬೇಕು. ನಮ್ಮ ಶಾಲೆಗಳು ಎಡವುವುದು ಈ ಎರಡನೆಯದರಲ್ಲಿ. ಹದಿನೈದರ ಮಗುವಿನ ಕೆಲಸ ಯಾರಿಗೂ ಬೇಕಾಗಿರುವುದಿಲ್ಲ. ಅವರ ನೋಟ್‌ಬುಕ್, ಅವರ ಚಾರ್ಟ್, ಅವರ ಮಾದರಿ ಎಲ್ಲವೂ ಅಂಕಕ್ಕಾಗಿ, ಆಮೇಲೆ ರದ್ದಿಗೆ.

ಆದ್ದರಿಂದ ಪ್ರತಿಯೊಂದು ಪುಟದ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಇವರ ಕೆಲಸ ಯಾರಿಗೆ ಬೇಕು? ಶಾಲೆಯೊಳಗೇ ಹುಡುಕಿದೆ. ಮೊಟ್ಟೆ ಹಂಚಿಕೆಯ ಲೆಕ್ಕ, ಕೈತೋಟ, ಧ್ವನಿವರ್ಧಕ, ಗ್ರಂಥಾಲಯದ ಹರಿದ ಪುಸ್ತಕಗಳ ಬೈಂಡಿಂಗ್. ಆ ಕೆಲಸ ನಿಂತರೆ ಯಾರಿಗಾದರೂ ನಿಜವಾಗಿ ತೊಂದರೆಯಾಗಬೇಕು, ಇದೊಂದೇ ನನ್ನ ನಿಯಮ. ತೋರಿಕೆಯ ಕೆಲಸವನ್ನು ಮಕ್ಕಳು ನಮಗಿಂತ ಬೇಗ ವಾಸನೆ ಹಿಡಿಯುತ್ತಾರೆ.

ಸೈಕಲ್ ರಿಪೇರಿ ಶುರುವಾದದ್ದು ಹೀಗೆ. ನಮ್ಮಲ್ಲಿ ಸುತ್ತಲಿನ ಹಳ್ಳಿಗಳಿಂದ ಬರುವ ಮಕ್ಕಳ ಸೈಕಲ್ಲುಗಳೆಲ್ಲ ಅಣ್ಣನಿಂದ ತಮ್ಮನಿಗೆ, ಅಕ್ಕನಿಂದ ತಂಗಿಗೆ ಬಂದ ಹಳೆಯವು. ಒಂದು ಪಂಕ್ಚರ್ ಆದರೆ ಎರಡು ದಿನ ಗೈರು. ಒಂಬತ್ತನೆಯ ತರಗತಿಯ ಒಬ್ಬ ಹುಡುಗ ಓದಿನಲ್ಲಿ ಹಿಂದೆ, ಮಾತಿನಲ್ಲಿ ಇನ್ನೂ ಹಿಂದೆ, ಹೊಡೆದಾಟದಲ್ಲಿ ಮಾತ್ರ ಮುಂದೆ. ಸಿಟ್ಟಿನ ಪ್ರಶ್ನೆಗೆ ಅವನು ಹೇಳಿದ್ದು, "ಚಕ್ರದ ಬೆಂಡ್ ತೆಗೆಯಲು ಬರದಿದ್ದರೂ ದುಡ್ಡು ಇಸಿದುಕೊಳ್ಳುತ್ತಾರೆ." ಪಾನಾ, ಕಡ್ಡಿ ಬಿಗಿಯುವ ಕೀ, ಸಲ್ಯೂಷನ್, ಪ್ಯಾಚ್, ಉಪ್ಪುಕಾಗದ, ಗಾಳಿ ಪಂಪು, ನೀರಿಗೊಂದು ಹಳೆಯ ಬೋಗುಣಿ, ಇಷ್ಟನ್ನು ಶಿಕ್ಷಕರೆಲ್ಲ ಸೇರಿ ತಂದುಕೊಟ್ಟೆವು. ಸೈಕಲ್ ನಿಲ್ಲಿಸುವ ಚಪ್ಪರದಡಿ ಶನಿವಾರ ಶಾಲೆ ಬಿಟ್ಟ ಮೇಲೆ ಅವನ ಅಂಗಡಿ.

ಅವನು ಚಕ್ರದ ಬೆಂಡ್ ತೆಗೆಯುವುದನ್ನು ನೋಡಬೇಕು. ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ, ಚಕ್ರ ತಿರುಗಿಸಿ, ಬ್ರೇಕಿನ ರಬ್ಬರಿಗೆ ರಿಮ್ ಎಲ್ಲಿ ಸವರುತ್ತದೆ ಎಂದು ಕಣ್ಣಿಟ್ಟು ನೋಡುತ್ತಾನೆ. ಆಮೇಲೆ ಕಡ್ಡಿಗಳನ್ನು ಒಂದೊಂದಾಗಿ ಉಗುರಿನಿಂದ ಮೀಟುತ್ತಾನೆ. ಬಿಗಿಯಾದದ್ದು ಟಿಣ್ ಎನ್ನುತ್ತದೆ, ಸಡಿಲವಾದದ್ದು ಮಂದವಾಗಿ ಕೇಳುತ್ತದೆ. ಶಬ್ದದ ಪಾಠದಲ್ಲಿ ನಾನು ಆವೃತ್ತಿ, ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂದು ಬೋರ್ಡಿನ ಮೇಲೆ ಬರೆದಾಗ ಪಿಳಿಪಿಳಿ ನೋಡುತ್ತಿದ್ದವನು ಇವನೇ. ಅವನ ಜಗಳಗಳು ನಿಂತುಹೋದವು ಎಂದೇನೂ ಹೇಳಲಾರೆ. ಕಡಿಮೆಯಾದವು. ಶನಿವಾರ ತಪ್ಪದೆ ಬಂದ. ಎಂಟನೆಯ ತರಗತಿಯ ಪುಟ್ಟ ಹುಡುಗಿಯರು "ಅಣ್ಣಾ, ನನ್ನದು ಮೊದಲು" ಎಂದು ಸಾಲುಗಟ್ಟಿದಾಗ ಮುಖ ಗಂಟಿಕ್ಕಿಕೊಂಡೇ ಒಳಗೊಳಗೆ ಹಿಗ್ಗುತ್ತಿದ್ದ.

ಮಧ್ಯೆ ಒಂದು ಮಾತು. ಹತ್ತು ಬೆರಳ ಅಚ್ಚು ತೆಗೆದು ಮಗುವಿನ ಹುಟ್ಟುಪ್ರತಿಭೆ ಹೇಳುತ್ತೇವೆ ಎಂದು ಬಣ್ಣದ ಕರಪತ್ರ ಹಿಡಿದು ಬರುವವರಿದ್ದಾರೆ. ಬೆರಳಿನ ಗೆರೆಗಳು ಮಗು ಹುಟ್ಟುವ ಎಷ್ಟೋ ಮೊದಲೇ ಗರ್ಭದಲ್ಲಿ ಮೂಡಿ ಮುಗಿದಿರುತ್ತವೆ. ಅವುಗಳಿಂದ ಅಭಿರುಚಿ ಹೇಳುವುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಹಸ್ತರೇಖೆ ನೋಡುವವರಾದರೂ ಎಲೆ ಅಡಿಕೆಯ ಕಾಸಿಗೆ ಭವಿಷ್ಯ ಹೇಳುತ್ತಿದ್ದರು. 1983ರಲ್ಲಿ ಅಮೆರಿಕದ ಮನೋವಿಜ್ಞಾನಿ ಹೊವಾರ್ಡ್ ಗಾರ್ಡ್ನರ್ ಮುಂದಿಟ್ಟ ಬಹುಮುಖ ಬುದ್ಧಿಮತ್ತೆಯ ಸಿದ್ಧಾಂತ, ಅಂದರೆ ಬುದ್ಧಿ ಒಂದೇ ಬಗೆಯದಲ್ಲ, ಹಲವು ಬಗೆಯದು ಎಂಬ ವಿಚಾರ, ಆ ಜಾತಿಯದ್ದಲ್ಲ, ತರಬೇತಿಗಳಲ್ಲಿ ನಮಗೂ ಹೇಳಿಕೊಡುತ್ತಾರೆ. ಅಂಕದಾಚೆಗೂ ನೋಡಿ ಎಂದು ಶಿಕ್ಷಕರಿಗೆ ನೆನಪಿಸಲು ಅದು ಒಳ್ಳೆಯದೇ. ಆದರೆ ಮಕ್ಕಳ ಹಣೆಗೆ 'ನೀನು ಸಂಗೀತದವನು, ನೀನು ದೇಹಶ್ರಮದವನು' ಎಂದು ಚೀಟಿ ಅಂಟಿಸಲು ಬಳಸಿದರೆ ಕೇಡೇ ಹೆಚ್ಚು. ಅಭಿರುಚಿ ಕೈಯಾಡಿಸಿದಂತೆ ಬೆಳೆಯುವಂಥದ್ದು. ಒಂಬತ್ತರಲ್ಲಿ ಬೈಂಡಿಂಗ್ ಮಾಡಿದವಳು ಹತ್ತರಲ್ಲಿ ಅದನ್ನು ಬಿಟ್ಟು ಕೈತೋಟಕ್ಕೆ ಹೋಗುತ್ತೇನೆ ಎಂದರೆ ನಾನು ಏಕೆ ಎಂದೂ ಕೇಳುವುದಿಲ್ಲ.

ಎಲ್ಲ ಮಂಕುತನಕ್ಕೂ ಕೆಲಸವೇ ಮದ್ದಲ್ಲ. ಒಬ್ಬ ಹುಡುಗ ಊಟ ಬಿಟ್ಟಿದ್ದ, ನಿದ್ದೆ ಬಿಟ್ಟಿದ್ದ, ತಾನೇ ಕೇಳಿ ಪಡೆದ ಜವಾಬ್ದಾರಿಯ ಕಡೆಗೂ ತಿರುಗಿ ನೋಡುತ್ತಿರಲಿಲ್ಲ. ಅಂಥ ಲಕ್ಷಣ ಎರಡು ವಾರ ಮೀರಿದರೆ ನನ್ನ ನೋಟ್‌ಬುಕ್ ಮುಚ್ಚಿಟ್ಟು ಪಾಲಕರನ್ನು ಕರೆಸುತ್ತೇನೆ. 14416 ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯದ ಸಹಾಯವಾಣಿ. ಕನ್ನಡದಲ್ಲೇ ಮಾತನಾಡಬಹುದು, ಕರೆ ಉಚಿತ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ವಿಚಾರಿಸಿಕೊಂಡು ಆ ಹುಡುಗನ ತಾಯಿಯ ಜೊತೆ ನಾನೇ ಹೋದೆ. "ಹುಚ್ಚಾಸ್ಪತ್ರೆ ಅಲ್ಲ ತಾನೇ ಮೇಡಂ?" ಎಂದು ಬಾಗಿಲಲ್ಲಿ ನಿಂತು ಕೇಳಿದರು. ಜ್ವರ ಬಂದರೆ ಬರುವ ಆಸ್ಪತ್ರೆಯೇ ಇದು ಎಂದೆ. ಒಳಗೆ ಬಂದರು.

ಪಾಲಕರ ವಿಷಯದಲ್ಲಿ ನನ್ನನ್ನು ನಿಜವಾಗಿ ಕಟ್ಟಿಹಾಕಿದ್ದು ಆ ಕ್ರಾಸಿಂಗ್ ಹುಡುಗಿಯ ತಂದೆ. "ಹೊಲದ ಕೆಲಸ ತಪ್ಪಲಿ ಎಂದೇ ಶಾಲೆಗೆ ಕಳಿಸಿದ್ದೇವೆ ಮೇಡಂ. ನೀವು ತಿರುಗಿ ಹೊಲದ ದಾರಿಯನ್ನೇ ತೋರಿಸುತ್ತೀರಲ್ಲ" ಎಂದರು. ಮಾತು ನ್ಯಾಯವಾಗಿತ್ತು. ಬಾಯಿಮಾತಿನ ಉತ್ತರ ಅದಕ್ಕೆ ಸಾಲದು ಎನಿಸಿತು. ಒಂದು ರಜೆಯ ದಿನ ತಂದೆ, ಮಗಳು ಇಬ್ಬರನ್ನೂ ಹನುಮನಮಟ್ಟಿಗೆ ಕರೆದುಕೊಂಡು ಹೋದೆ. ಅಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕಾಲೇಜೂ ಇದೆ. ತಂದೆ ಮಗಳ ವಿಷಯ ಬಿಟ್ಟು ತಮ್ಮ ಮೆಣಸಿನಗಿಡದ ಮುಟುರು ರೋಗದ ಬಗ್ಗೆಯೇ ಅಲ್ಲಿನವರೊಡನೆ ಬಹಳ ಹೊತ್ತು ವಾದಿಸಿದರು. ನಡುವೆ ಎಲೆಯ ಅಡಿಯಲ್ಲಿ ಕೀಟ ಯಾವ ಹೊತ್ತಿಗೆ ಕಾಣುತ್ತದೆ ಎಂಬ ಮಾತು ಬಂದಾಗ ಮಗಳು ಬಾಯಿಹಾಕಿದಳು. ಅಲ್ಲಿದ್ದವರು ತಂದೆಯನ್ನು ಬಿಟ್ಟು ಅವಳನ್ನೇ ಪ್ರಶ್ನಿಸತೊಡಗಿದರು. ವಾಪಸು ಬರುವಾಗ ಬಸ್ಸಿನಲ್ಲಿ ತಂದೆ ಕೇಳಿದ್ದು ಒಂದೇ: "ಇವರಿಗೆಲ್ಲ ಪಗಾರ ಎಷ್ಟು ಬರುತ್ತದೆ ಮೇಡಂ?"

ಅವರಿಗೆ ಎರಡು ದಾರಿ ಹೇಳಿದೆ. ಎಸ್‌ಎಸ್‌ಎಲ್‌ಸಿ ಆದ ಮೇಲೆ ಕನ್ನಡದಲ್ಲೇ ಕಲಿಯಬಹುದಾದ ಎರಡು ವರ್ಷದ ಕೃಷಿ ಡಿಪ್ಲೊಮಾ ಒಂದು. ಇನ್ನೊಂದು, ಪಿಯುಸಿ ವಿಜ್ಞಾನ ಓದಿ ಬಿ.ಎಸ್ಸಿ ಕೃಷಿ. ಅದರಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ, ಪ್ರಾಯೋಗಿಕ ಪರೀಕ್ಷೆಯನ್ನೂ ನಡೆಸುತ್ತಾರೆ. ಹೊಲದಲ್ಲಿ ಬೆಳೆದ ಮಗುವಿಗೆ ಆ ಪರೀಕ್ಷೆಯ ಬಹುಪಾಲು ಕಂಡದ್ದೇ, ಉಂಡದ್ದೇ. ಹುಡುಗಿ ಈಗ ಪಿಯುಸಿ ಓದುತ್ತಿದ್ದಾಳೆ, ಭೌತಶಾಸ್ತ್ರದೊಂದಿಗೆ ಗುದ್ದಾಡುತ್ತಿದ್ದಾಳೆ. ಅದು ದಡ ಸೇರುತ್ತದೋ ಇಲ್ಲವೋ ಗೊತ್ತಿಲ್ಲ. ಡಿಪ್ಲೊಮಾದ ದಾರಿ ಇನ್ನೂ ತೆರೆದೇ ಇದೆ ಎಂದು ಅವಳಿಗೂ ಗೊತ್ತು.

ಸಹೋದ್ಯೋಗಿಗಳು ಕೇಳುವುದು ಸಮಯದ ಬಗ್ಗೆ. ಫಲಿತಾಂಶದ ಒತ್ತಡ ನಮ್ಮೆಲ್ಲರ ಕುತ್ತಿಗೆಯ ಮೇಲಿದೆ, ಅದನ್ನು ಅಲ್ಲಗಳೆಯಲಾರೆ. ಅದಕ್ಕೇ ಹತ್ತನೆಯವರ ಕೆಲಸವನ್ನು ಅರ್ಧವಾರ್ಷಿಕ ಪರೀಕ್ಷೆಗೆ ನಿಲ್ಲಿಸುತ್ತೇವೆ. ನಿಲ್ಲಿಸುವ ಮುನ್ನ ಅವರು ಒಂಬತ್ತನೆಯ ತರಗತಿಯ ಒಬ್ಬರಿಗೆ ಅದನ್ನು ಕಲಿಸಿಕೊಡಬೇಕು. ಸೈಕಲ್ ಹುಡುಗ ಹತ್ತಕ್ಕೆ ಬಂದಾಗ ಅವನ ಜಾಗಕ್ಕೆ ತಾನಾಗಿ ಕೈಯೆತ್ತಿದವಳು ಒಬ್ಬ ಹುಡುಗಿ. ವಾರದೊಳಗೇ ದೂರು ತಂದಳು: "ಅವನು ಏನೂ ಹೇಳಿಕೊಡುವುದಿಲ್ಲ ಮೇಡಂ. ಕಡ್ಡಿ ಮೀಟಿ 'ಕೇಳು, ಕೇಳು' ಎನ್ನುತ್ತಾನೆ, ಅಷ್ಟೇ." ಬರೆದು ಕೊಡು ಎಂದು ಅವನಿಗೆ ಹೇಳಿದೆ. ಗೈಡಿನಿಂದ ನಕಲು ಮಾಡದೆ ಅವನು ಬರೆದ ಮೊದಲ ಪೂರ್ತಿ ಪುಟ ಅದೇ ಇರಬೇಕು. ಒತ್ತಕ್ಷರಗಳೆಲ್ಲ ತಪ್ಪು. ಕನ್ನಡದ ಮೇಷ್ಟ್ರು ಓದಿ, ತಿದ್ದಿ, ಎಲ್ಲಿಯೂ ಒಂದು ಮಾತು ಹೆಚ್ಚಿಲ್ಲವೆಂದು ಹೇಳಿ, ಮುಂದಿನ ಕಿರುಪರೀಕ್ಷೆಯಲ್ಲಿ ಇಡೀ ತರಗತಿಗೆ ಪ್ರಬಂಧದ ವಿಷಯವನ್ನು ಬದಲಿಸಿದರು: ನನಗೆ ಬರುವ ಒಂದು ಕೆಲಸ.