ನೀರು ನೆಕ್ಕಿ ನೋಡಿ ಕಗ್ಗ ಬಿತ್ತೋದು: ನನ್ನ ಅನುಭವ

ನಮ್ದು ಕುಮಟಾ ಕಡೆ ಅಘನಾಶಿನಿ ಹಿನ್ನೀರಿನ ಗಜನಿ ಗದ್ದೆ, ಅಂದ್ರೆ ಹೊಳೆಯ ಉಪ್ಪುನೀರು ನುಗ್ಗೋ ತಗ್ಗು ಗದ್ದೆ, ಉಪ್ಪು ತಡೆಯೋ ಕಗ್ಗ ಭತ್ತ ಬಿಟ್ರೆ ಅಲ್ಲಿ ಬೇರೆ ಬೆಳೆ ಏಳೋದಿಲ್ಲ. ಗೊಬ್ಬರ ಬೇಡ, ಔಷಧ ಬೇಡ, ನಾಟಿನೂ ಇಲ್ಲ, ಮೊಳಕೆ ಬಂದ ಬೀಜ ಎರಚಿ ಬಂದ್ರೆ ಆಯ್ತು. ಆದ್ರೆ ಬೇಸಿಗೇಲಿ ಮಣ್ಣಿಗೆ ಕೂತ ಉಪ್ಪನ್ನ ಮೊದಲ ಮಳೆ ತೊಳೀಬೇಕು, ಎಲ್ಲಾ ನಿಂತಿರೋದು ಅದರ ಮೇಲೆ.

ಅಪ್ಪ ಮಿರ್ಗದ (ಮೃಗಶಿರ) ಮಳೆ ಲೆಕ್ಕ ಹಾಕಿ ಬೀಜ ನೆನೆಹಾಕ್ತಿದ್ರು, ನಾನೂ ಹಾಗೇ ಮಾಡ್ತಿದ್ದೆ. 2023ರಲ್ಲಿ ಅದೇ ಲೆಕ್ಕದಲ್ಲಿ ಬೀಜ ನೆನೆಸಿ, ಗೋಣಿಚೀಲಕ್ಕೆ ತುಂಬಿ, ಮೇಲೆ ಕಲ್ಲು ಹೇರಿ ಇಟ್ಟೆ, ಮೊಳಕೆ ಚೆನ್ನಾಗೇ ಬಂತು, ಆದ್ರೆ ಅದೇ ಹೊತ್ತಿಗೆ ಅರಬ್ಬಿ ಸಮುದ್ರದಲ್ಲಿ ಬಿಪರ್‌ಜಾಯ್ ಚಂಡಮಾರುತ ಎದ್ದು ಮುಂಗಾರೇ ತಡ ಆಗೋಯ್ತು. ಮೊಳಕೆ ಬಂದ ಬೀಜ ಕಾಯ್ತದಾ? ಎರಚಿದೆ. ಕಗ್ಗ ಉಪ್ಪು ತಡೀತದೆ ನಿಜ, ಆದ್ರೆ ಎಳೇದ್ರಲ್ಲಿ ಅದಕ್ಕೂ ಆಗೋದಿಲ್ಲ, ಅರ್ಧಕ್ಕರ್ಧ ಕೆಂಪಾಗಿ ಸತ್ತೋಯ್ತು. ಮನೆ ಬೀಜ ಅದು, ಅಂಗಡೀಲಿ ಸಿಗೋದಲ್ಲ, ಆ ಸಂಕಟ ಈಗ್ಲೂ ಹೋಗಿಲ್ಲ.

ಈಗ ಕ್ಯಾಲೆಂಡರ್ ನೋಡೋದು ಬಿಟ್ಟಿದ್ದೇನೆ. ಮಳೆ ಶುರುವಾದ ಮೇಲೆ ಇಳಿತದ ಹೊತ್ತಿಗೆ ಜಂತ್ರಡಿ (ಕಟ್ಟೆಯ ತೂಬು) ಹಲಗೆ ಎತ್ತಿ ಗದ್ದೆ ನೀರು ಹೊಳೆಗೆ ಬಿಡ್ತೇನೆ, ಭರತ ಏರೋಕೆ ಮೊದ್ಲೇ ಹಲಗೆ ಹಾಕ್ತೇನೆ, ಮತ್ತೆ ಮಳೆನೀರು ತುಂಬ್ತದೆ, ಮತ್ತೆ ಬಿಡೋದು. ದಿನಾ ಮೂರ್ನಾಲ್ಕು ಕಡೆ ನೀರು ನಾಲಿಗೆಗೆ ಹಚ್ಚಿ ನೋಡ್ತೇನೆ, ಮುಖ್ಯವಾಗಿ ತಗ್ಗಿನ ಮೂಲೇಲಿ, ಉಪ್ಪು ಕೊನೇವರೆಗೆ ಉಳಿಯೋದು ಅಲ್ಲೇ. ಅಲ್ಲೂ ಸಪ್ಪೆ ಅನ್ಸಿದ ಮೇಲೇ ಬೀಜ ನೆನೆಹಾಕೋದು, ಅದೂ ಅರ್ಧ ಮಾತ್ರ. ಉಳಿದರ್ಧ ಒಣಗಿದ್ದೇ ಇರ್ತದೆ, ಮೊದಲಿಂದು ಹೋದ್ರೆ ಅದು ಕೈಗೆ.

ಕೊಯ್ಲಲ್ಲೂ ಹೀಗೇ ಆಗಿದೆ. 2019ರ ಅಕ್ಟೋಬರ್ ಕೊನೇಲಿ ಕ್ಯಾರ್ ಚಂಡಮಾರುತದ ಮಳೆ ಸರಿಯಾಗಿ ತೆನೆ ಬಲಿತಾಗ್ಲೇ ಹೊಡೀತು. ಹುಲ್ಲು ಬೇಕು ಅಂತ ನೀರು ಇಳಿಯೋದು ಕಾದ ನಮ್ಮ ಗದ್ದೇಲಿ ಮಲಗಿದ ತೆನೇಲೇ ಮೊಳಕೆ ಬಂತು. ಪಕ್ಕದ ಗದ್ದೆ ಅಜ್ಜಿ ಮಾತ್ರ ಸೊಂಟದ ನೀರಲ್ಲಿ ನಿಂತು ತೆನೆ ಅಷ್ಟೇ ಕೊಯ್ದು ದೋಣಿಗೆ ಹಾಕ್ತಿದ್ರು, "ತಮಾ, ಹುಲ್ಲು ಮೀನಿಗೆ ಬಿಡು, ಕಾಳು ಮನೆಗೆ ತಾ" ಅಂದ್ರು. ಹಳಬರು ಮಾಡ್ತಿದ್ದಿದ್ದೇ ಹಾಗೆ, ನೀರಲ್ಲಿ ಉಳಿದ ದಂಟು ಕೊಳೆತು ಸೀಗಡಿಗೂ ಮೀನಿಗೂ ತಿನ್ನೋಕಾಗ್ತದೆ.

ಕಟ್ಟೆ ಹೊರಮೈಗೆ ಕಾಂಡ್ಲಾನೂ (ಉಪ್ಪುನೀರಲ್ಲಿ ಬೆಳೆಯೋ ಮ್ಯಾಂಗ್ರೋವ್ ಗಿಡ) ನೆಟ್ಟಿದ್ದೇನೆ. ಮೊದಲ ಸಲ ತೀರಾ ಕೆಳಗೆ ಸದಾ ನೀರು ನಿಲ್ಲೋ ಕಡೆ ಊರಿ ಎಲ್ಲಾ ಹೋಯ್ತು, ಮುಂದಿನ ವರ್ಷ ಇಳಿತದಲ್ಲಿ ಕೆಸರು ಕಾಣೋ ಜಾಗದಲ್ಲಿ ಊರಿದ್ದು ನಿಂತಿದೆ. ಅದರ ಹಿಂದಿನ ಕಟ್ಟೆ ಕಡೆ ಮಣ್ಣು ಕುಸಿಯೋದು ಕಮ್ಮಿ ಆಗಿದೆ, ಕಾಂಡ್ಲಾ ಇಲ್ದೇ ಇರೋ ಕಡೆಗೆ ಪ್ರತಿ ಮಳೆಗಾಲ ಕಳೆದ ಮೇಲೂ ಮಣ್ಣು ಹೊರ್ತಾ ಇದ್ದೇವೆ.