ವಾಪಸ್ ಕಳಿಸಿದ ಮಾಲಿನ ಸುಂಕ ಹಿಂಪಡೆದ ಬಗೆ

ಜರ್ಮನಿಯಿಂದ ಬೆಂಗಳೂರು ಏರ್‌ಕಾರ್ಗೋಗೆ ಬಂದ ಸರ್ವೋ ಡ್ರೈವ್‌ಗಳ (ಯಂತ್ರದ ಮೋಟಾರನ್ನು ನಿಯಂತ್ರಿಸುವ ಸಾಧನ) ಮಾಡೆಲ್ ತಪ್ಪಾಗಿತ್ತು. ಅಷ್ಟರಲ್ಲಿ ಸುಂಕ ಕಟ್ಟಿ ಬಿಡಿಸಿಕೊಂಡಾಗಿತ್ತು. ಇಂಥ ಮಾಲನ್ನು ಬಳಸದೆ ಎರಡು ವರ್ಷದೊಳಗೆ ಮರುರಫ್ತು ಮಾಡಿದರೆ, 1962ರ ಕಸ್ಟಮ್ಸ್ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಸುಂಕದ 98% ಡ್ರಾಬ್ಯಾಕ್, ಅಂದರೆ ಕಟ್ಟಿದ ಸುಂಕದ ಮರುಪಾವತಿ, ಸಿಗುತ್ತದೆ.

ಬಂದ ಮಾಲೇ ಹೋಗುತ್ತಿದೆ ಎಂದು ಅಧಿಕಾರಿಗೆ ಖಾತ್ರಿಯಾಗಬೇಕು, ಕಷ್ಟವೆಲ್ಲ ಇಲ್ಲೇ. ನಮ್ಮ ಆಮದು ಇನ್‌ವಾಯ್ಸ್‌ನಲ್ಲಿ ಮಾಡೆಲ್ ಮತ್ತು ಎಷ್ಟು ಡ್ರೈವ್ ಎಂಬುದು ಬಿಟ್ಟರೆ ಸೀರಿಯಲ್ ನಂಬರ್ ಇರಲಿಲ್ಲ. ಪೂರೈಕೆದಾರರಿಂದ ಸೀರಿಯಲ್ ನಂಬರ್ ಇರುವ ಪ್ಯಾಕಿಂಗ್ ಲಿಸ್ಟ್ ತರಿಸಿ, ರಫ್ತಿನ ಇನ್‌ವಾಯ್ಸ್‌ನಲ್ಲೂ ಅವನ್ನೇ ಬರೆದು, ಪಕ್ಕದಲ್ಲಿ ಬಿಲ್ ಆಫ್ ಎಂಟ್ರಿಯ (ಆಮದಿನ ವೇಳೆ ಕಸ್ಟಮ್ಸ್‌ಗೆ ಕೊಟ್ಟ ಘೋಷಣಾ ಪತ್ರ) ನಂಬರ್, ದಿನಾಂಕ ಕೊಟ್ಟೆವು. ಗೋಡೌನಿನವರು ನೇಮ್‌ಪ್ಲೇಟಿನ ಮೇಲೆಯೇ ಬಾರ್‌ಕೋಡ್ ಸ್ಟಿಕ್ಕರ್ ಅಂಟಿಸಿದ್ದರು. ತಪಾಸಣೆಗೆ ಮೊದಲು ಬಿಸಿಗಾಳಿ ಕೊಟ್ಟು ಒಂದೊಂದನ್ನೇ ಬಿಡಿಸಬೇಕಾಯಿತು.

ಒಂದು ಡ್ರೈವಿನ ಟರ್ಮಿನಲ್ ಸ್ಕ್ರೂಗಳಲ್ಲಿ ಗೀರು ಬಿದ್ದಿತ್ತು, ಪ್ಯಾನೆಲ್‌ಗೆ ಕೂರಿಸಿ ಓಡಿಸಿದ್ದು. ಅದನ್ನು ಬಳಸಿದ ಮಾಲೆಂದೇ ಬೇರೆ ಶಿಪ್ಪಿಂಗ್ ಬಿಲ್‌ನಲ್ಲಿ (ರಫ್ತಿಗೆ ಕಸ್ಟಮ್ಸ್‌ಗೆ ಕೊಡುವ ಘೋಷಣಾ ಪತ್ರ) ಹಾಕಿದೆವು. ಬಳಸಿದ ಮಾಲಿಗೆ 3 ತಿಂಗಳವರೆಗೆ 95%, 6ರವರೆಗೆ 85%, 9ರವರೆಗೆ 75%. ಹೀಗೆ ಇಳಿಯುತ್ತಾ 18 ತಿಂಗಳು ದಾಟಿದರೆ ಸೊನ್ನೆ. ಓಡಿಸಿದ್ದು ಒಂದೇ ದಿನವಾದರೂ ಲೆಕ್ಕ ಶುರುವಾಗುವುದು ಬಿಡಿಸಿಕೊಂಡ ದಿನದಿಂದ.

ಶಿಪ್ಪಿಂಗ್ ಬಿಲ್ ಹಾಕುವಾಗಲೇ 74ರಡಿ ಡ್ರಾಬ್ಯಾಕ್ ಕೇಳುತ್ತಿದ್ದೇವೆಂದು ಘೋಷಿಸಬೇಕು. ಏಜೆಂಟ್ ಅವಸರದಲ್ಲಿ ಸಾಮಾನ್ಯ ಬಿಲ್ ಹಾಕಿಬಿಟ್ಟರೆ ಆಮೇಲೆ ಬದಲಿಸುವುದು ದೊಡ್ಡ ರಗಳೆ. ಮಾಲಿಗೆ ಹಣ ಬರುವುದಿಲ್ಲವಾದ್ದರಿಂದ ಬ್ಯಾಂಕಿನಿಂದ ಜಿಆರ್ ವೇವರ್ ಪತ್ರವನ್ನೂ (ರಫ್ತಿನ ಹಣ ತರಿಸಬೇಕೆಂಬ ನಿಯಮದಿಂದ ವಿನಾಯಿತಿ) ಮೊದಲೇ ತಂದಿಟ್ಟುಕೊಂಡೆವು.

ಇನ್ನು ಐಜಿಎಸ್‌ಟಿ, ಅಂದರೆ ಆಮದಿನ ಮೇಲೆ ಬೀಳುವ ಜಿಎಸ್‌ಟಿ. ಮಾಲಿನ ಮೌಲ್ಯ 10 ಲಕ್ಷ, ಮೂಲ ಸುಂಕ 7.5% ಎಂದಿಟ್ಟುಕೊಳ್ಳಿ: ಸುಂಕ 75,000, ಅದರ ಮೇಲೆ 10% ಸರ್‌ಚಾರ್ಜ್ 7,500, ಐಜಿಎಸ್‌ಟಿ 18% ಅಂದರೆ 1,94,850. ಐಜಿಎಸ್‌ಟಿಯ ಇನ್‌ಪುಟ್ ಕ್ರೆಡಿಟ್ (ಕಟ್ಟಿದ ತೆರಿಗೆಯನ್ನು ನಮ್ಮ ಮುಂದಿನ ಜಿಎಸ್‌ಟಿಗೆ ಹೊಂದಿಸಿಕೊಳ್ಳುವುದು) ತೆಗೆದುಕೊಂಡಿದ್ದರೆ ಡ್ರಾಬ್ಯಾಕ್ 82,500ರ ಮೇಲಷ್ಟೇ, 80,850 ರೂಪಾಯಿ. ತೆಗೆದುಕೊಂಡಿಲ್ಲವೆಂದು ದಾಖಲೆ ಕೊಟ್ಟರೆ 2,71,803.

ಮಾಲು ಹೊರಗೆ ಹೋಗಲು ಕಸ್ಟಮ್ಸ್ ಕೊಡುವ ಲೆಟ್ ಎಕ್ಸ್‌ಪೋರ್ಟ್ ಆದೇಶವಾದ 3 ತಿಂಗಳೊಳಗೆ ಕ್ಲೇಮ್ ಹೋಗಬೇಕು: ಶಿಪ್ಪಿಂಗ್ ಬಿಲ್, ಬಿಲ್ ಆಫ್ ಎಂಟ್ರಿ, ಸುಂಕ ಕಟ್ಟಿದ ಚಲನ್, ಎರಡೂ ಇನ್‌ವಾಯ್ಸ್, ಏರ್‌ವೇ ಬಿಲ್. ಒಂದು ಕಾಗದ ಕಮ್ಮಿಯಾದರೂ ಕೊರತೆ ತಿಳಿಸುವ ಡೆಫಿಷಿಯನ್ಸಿ ಮೆಮೊ ಬರುತ್ತದೆ, ಆಗ ಕ್ಲೇಮ್ ಸಲ್ಲಿಸಿಯೇ ಇಲ್ಲವೆಂದು ಲೆಕ್ಕ. ಡ್ರಾಬ್ಯಾಕ್ ಕೊಡುವುದು ಒಂದು ತಿಂಗಳು ಮೀರಿದರೆ ನಮಗೆ ಬಡ್ಡಿ ಸಿಗುತ್ತದೆ; ಆ ತಿಂಗಳ ಗಡುವೂ ಸರಿಯಾದ ಕ್ಲೇಮ್ ಮುಟ್ಟಿದ ಮೇಲೆಯೇ ಶುರು.