ಎರಡು ಅರ್ತಿಂಗ್‌ಗಳ ನಡುವೆ ಒಂದು ಚಿಪ್

ತಿಪಟೂರು ಕಡೆಯ ತೆಂಗಿನ ತೋಟವೊಂದರಲ್ಲಿ ಬೋರ್‌ವೆಲ್ ಸ್ಟಾರ್ಟರ್ ಒಂದು ತುದಿಯಲ್ಲಿತ್ತು, ನೀರಿನ ತೊಟ್ಟಿ 300 ಮೀಟರ್ ಆಚೆ. ತೊಟ್ಟಿಯ ನೀರಿನ ಮಟ್ಟವನ್ನು, ದೂರಕ್ಕೆ ಡೇಟಾ ಒಯ್ಯುವ ಆರ್‌ಎಸ್-485 ಎಂಬ ಬಗೆಯ ತಂತಿಯ ಮೂಲಕ ಸ್ಟಾರ್ಟರ್‌ಗೆ ತಿಳಿಸುವ ಬೋರ್ಡನ್ನು ನಾನು ಮಾಡಿಕೊಟ್ಟಿದ್ದೆ. ನನ್ನ ಮೇಜಿನ ಮೇಲೆ ವಾರಗಟ್ಟಲೆ ಸರಿಯಾಗಿ ನಡೆದ ಬೋರ್ಡು, ತೋಟದಲ್ಲಿ ಮೋಟಾರ್ ಚಾಲೂ ಆದೊಡನೆ ಮೂಕವಾಗುತ್ತಿತ್ತು. ಎರಡು ತಿಂಗಳಲ್ಲಿ ಮೂರು ಟ್ರಾನ್ಸೀವರ್ (ತಂತಿಯಲ್ಲಿ ಸಂದೇಶ ಕಳಿಸಿ ಪಡೆಯುವ ಚಿಪ್) ಸುಟ್ಟವು. ಎರಡು ತುದಿಗಳ ಅರ್ತಿಂಗ್ ಬೇರೆ ಬೇರೆ. ಮೋಟಾರ್ ಕರೆಂಟ್ ಎಳೆದಾಗ ಅವುಗಳ ನಡುವಿನ ವೋಲ್ಟೇಜ್ ಜಿಗಿಯುತ್ತಿತ್ತು. ಆರ್‌ಎಸ್-485 ತಾಳಿಕೊಳ್ಳುವುದು -7ರಿಂದ +12 ವೋಲ್ಟ್‌ವರೆಗೆ ಮಾತ್ರ.

ಎರಡೂ ಕಡೆಯ ನಡುವೆ ನೇರ ವಿದ್ಯುತ್ ಸಂಪರ್ಕವೇ ಇಲ್ಲದಂತೆ ತಡೆಗೋಡೆ (ಐಸೊಲೇಶನ್) ಬೇಕಿತ್ತು. ಮೊದಲು ಒಂದು ವಾಟ್‌ನ ಐಸೊಲೇಟೆಡ್ ವಿದ್ಯುತ್ ಮಾಡ್ಯೂಲ್ ಮತ್ತು ಬೆಳಕಿನ ಮೂಲಕ ಸಂಕೇತ ದಾಟಿಸುವ ಮೂರು ಆಪ್ಟೋಕಪ್ಲರ್ ಹಾಕಿದೆ. ಕೆಲಸವಾಯಿತು, ಆದರೆ ಡಬ್ಬಿಯಲ್ಲಿ ಜಾಗ ಸಾಲಲಿಲ್ಲ. ಆಗ ಎಡಿಎಂ2587ಇ ಎಂಬ ಟ್ರಾನ್ಸೀವರ್ ಚಿಪ್‌ಗೆ ಬಂದೆ. ವಿದ್ಯುತ್ತೂ ಡೇಟಾವೂ ಒಂದೇ ಚಿಪ್‌ನೊಳಗೆ ತಡೆಗೋಡೆ ದಾಟುತ್ತವೆ. ಗೋಡೆ ಒಂದು ನಿಮಿಷ 2500 ವೋಲ್ಟ್ ತಾಳುತ್ತದೆ. ಇದರ ಒಳಗಿನ ಜಾಣ್ಮೆ ನನಗೆ ಇಂದಿಗೂ ಬೆರಗು. ಕಬ್ಬಿಣದ ತಿರುಳೇ ಇಲ್ಲದ ಪುಟ್ಟ ಸುರುಳಿಗಳು, ನಡುವೆ ಪಾಲಿಇಮೈಡ್ ಎಂಬ ವಿದ್ಯುತ್ ನಿರೋಧಕ ಪ್ಲಾಸ್ಟಿಕ್‌ನ ತೆಳು ಪದರ. ತಿರುಳಿಲ್ಲದ ಸುರುಳಿಯಲ್ಲಿ ವಿದ್ಯುತ್ ದಾಟಿಸಲು ಸುಮಾರು 180 ಮೆಗಾಹರ್ಟ್ಸ್‌ನಲ್ಲಿ ಕಂಪಿಸಬೇಕು.

ಇದಕ್ಕೆ ಬೆಲೆ ಎರಡು ರೀತಿಯಲ್ಲಿ ತೆರಬೇಕು. ಒಂದು ಶಾಖ: ಕೊಟ್ಟ ವಿದ್ಯುತ್ತಿನ ಮೂರನೇ ಒಂದು ಭಾಗವಷ್ಟೇ ಆಚೆ ತಲುಪುತ್ತದೆ. ಇನ್ನೊಂದು ರೇಡಿಯೋ ಸದ್ದು, ಅಂದರೆ ಬೋರ್ಡಿನಿಂದ ಹೊರಸೂಸುವ ಬೇಡದ ರೇಡಿಯೋ ಅಲೆ. ನನ್ನ ಎರಡು ತಾಮ್ರ ಪದರಗಳ ಬೋರ್ಡು ಪರೀಕ್ಷೆಯಲ್ಲಿ 180 ಮತ್ತು 360 ಮೆಗಾಹರ್ಟ್ಸ್ ಎರಡರಲ್ಲೂ ಮಿತಿ ಮೀರಿತು. ತಪ್ಪು ನನ್ನ ವಿನ್ಯಾಸದ್ದು. ಸುರುಳಿಗಳ ನಡುವೆ ನುಸುಳಿದ ಕರೆಂಟಿಗೆ ಹಿಂತಿರುಗುವ ದಾರಿ ಇರಲಿಲ್ಲ. ಗೋಡೆಯ ಎರಡು ಬದಿಯ ಗ್ರೌಂಡ್ (ಸೊನ್ನೆ ವೋಲ್ಟ್) ತಾಮ್ರದ ಹಾಳೆಗಳೂ ಉದ್ದನೆಯ ಕೇಬಲ್ಲೂ ಸೇರಿ ಆಂಟೆನಾ ಆಗಿದ್ದವು.

ನಾಲ್ಕು ಪದರಕ್ಕೆ ಹೋದೆ. ಒಳಪದರಗಳ ತಾಮ್ರವನ್ನು ಚಿಪ್‌ನ ಅಡಿಯಲ್ಲಿ ಎರಡೂ ಕಡೆಯಿಂದ ಚಾಚಿ, ಒಂದರ ಮೇಲೊಂದು ಬರುವಂತೆ ಎಳೆದೆ. ಹೀಗೆ ಅವೇ ಒಂದು ಕೆಪಾಸಿಟರ್ ಆಗಿ, ನುಸುಳಿದ ಕರೆಂಟಿಗೆ ಹಿಂತಿರುಗುವ ದಾರಿ ಕೊಡುತ್ತವೆ. ನಡುವಿನ ಎಫ್‌ಆರ್-4 (ಬೋರ್ಡಿನ ಗಾಜುನಾರಿನ ಹಲಗೆ) ದಪ್ಪ 0.4 ಮಿಲಿಮೀಟರ್ ಇರಲೇಬೇಕೆಂದು ಬೋರ್ಡ್ ತಯಾರಿಸುವವರಿಗೆ ಬರೆದುಕೊಟ್ಟೆ. ಹಾಗಿದ್ದರೆ ಪ್ರತಿ ಚದರ ಸೆಂಟಿಮೀಟರ್‌ಗೆ ಸುಮಾರು 10 ಪಿಕೊಫ್ಯಾರಡ್ ಕೆಪಾಸಿಟೆನ್ಸ್ ಸಿಗುತ್ತದೆ. ಮೂರು ಚದರ ಸೆಂಟಿಮೀಟರ್ ಬಿಟ್ಟೆ. ಎರಡನೇ ಪರೀಕ್ಷೆಯಲ್ಲಿ ಎರಡೂ ಶಿಖರಗಳು ಮಿತಿಯ ಕೆಳಗಿಳಿದವು. ಬಿಡಿ ಕೆಪಾಸಿಟರ್ ಇಟ್ಟೂ ನೋಡಿದ್ದೆ. ಅದರ ಕಾಲುಗಳ ಇಂಡಕ್ಟೆನ್ಸ್‌ನಿಂದಾಗಿ ಈ ಆವರ್ತನದಲ್ಲಿ ಅಷ್ಟು ಪ್ರಯೋಜನವಾಗಲಿಲ್ಲ.

ಮತ್ತೆ ತೋಟಕ್ಕೆ ಹೋದಾಗ ಬೋರ್ಡು ಮೊದಲ ದಿನವೇ ಸತ್ತಿತ್ತು. ವೈರಿಂಗ್ ಮಾಡಿದವರು ಕೇಬಲ್ಲಿನ ಮೂರನೇ ತಂತಿಯನ್ನು, ಅಂದರೆ ಗೋಡೆಯಾಚೆಯ ಗ್ರೌಂಡ್ ತಂತಿಯನ್ನು, ಎರಡೂ ತುದಿಯಲ್ಲಿ ಅರ್ತಿಂಗ್ ಸರಳಿಗೆ ಬಿಗಿದಿದ್ದರು. ಅಲ್ಲಿಗೆ ಗೋಡೆ ಕಟ್ಟಿಯೂ ಕಟ್ಟದಂತೆ. ಅವರಿಗೆ ನಾನು ಹೇಳಿರಲೇ ಇಲ್ಲ. ತಂತಿ ಬಿಡಿಸಿ, ಹೊಸ ಬೋರ್ಡು ಹಾಕಿ, ಪಂಪನ್ನು ಹತ್ತಾರು ಬಾರಿ ಚಾಲೂ ಮಾಡಿ ನೋಡಿದೆವು. ಒಂದು ಸಂದೇಶವೂ ತಪ್ಪಲಿಲ್ಲ. ಆಮೇಲಿನ ಪ್ರತಿ ಬೋರ್ಡಿನ ಮೇಲೂ ಆ ಟರ್ಮಿನಲ್ ಪಕ್ಕದಲ್ಲಿ ‘ಇದನ್ನು ಅರ್ತಿಂಗ್‌ಗೆ ಜೋಡಿಸಬೇಡಿ’ ಎಂದು ಕನ್ನಡದಲ್ಲೇ ಮುದ್ರಿಸುತ್ತಿದ್ದೇನೆ.